ಕಿರುಬೆರಳಿಗೆ ಬಾಕಿ ಉಳಿದ ಕಥೆ

ಹೊಳೆಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ ಒಂದು ಗುಹೆಯಿತ್ತಂತೆ. ಗುಹೆಯ ಬಾಗಿಲಿಗೆ ಮೇಲೊಂದು ಸಾಲು, ಕೆಳಗೊಂದು ಸಾಲು, ಬಿಳಿ ಅಂಗಿ ತೊಟ್ಟ ಕಾವಲುಗಾರರು. ಒಳಗೆ ಬಂದದ್ದನ್ನೆಲ್ಲ ಹಿಡಿದು, ಅರೆದು, ಮುಂದಕ್ಕೆ ಕಳಿಸುವುದು ಅವರ ಕೆಲಸ. ಕೆಳಗಿನ ಸಾಲಿನ ಎಡಮೂಲೆಯಲ್ಲಿ ನಿಂತಿದ್ದವನ ನೆತ್ತಿಯ ಮೇಲೆ ಒಂದು ದಿನ ಕರಿಯ ಚುಕ್ಕೆ ಕಾಣಿಸಿಕೊಂಡಿತು. ಪಕ್ಕದವನು "ಯಾರಿಗಾದ್ರೂ ತೋರ್ಸೋ" ಎಂದ. ಇವನು "ನಾಳೆ ತೋರಿಸ್ತೀನಿ" ಎಂದ. ಆ ನಾಳೆ ಬರುವುದಕ್ಕೆ ಹನ್ನೊಂದು ವರ್ಷ ಹಿಡಿಯಿತು.

ಅಜ್ಜಿಯ ಕೈಯಲ್ಲಿ ಬೆಳೆದವಳು ನಾನು. ಮಾತು ಶುರು ಮಾಡಲು ನನಗೆ ಬೇರೆ ದಾರಿ ಗೊತ್ತಿಲ್ಲ. ಹೊಳೆಗಳ ಸಂಗತಿ ಸುಳ್ಳು, ಹನ್ನೊಂದು ವರ್ಷ ನಿಜ, ಗುಹೆ ನನ್ನ ಬಾಯಿ.

ಅಮ್ಮ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಹಾಗಾಗಿ ನನ್ನನ್ನು ಸಾಕಿದ್ದು ಅಮ್ಮನ ಅಮ್ಮ. ಕಥೆ ಹೇಳುವುದರಲ್ಲಿ ಅಜ್ಜಿಗೆ ಎರಡು ಕಟ್ಟಳೆಗಳಿದ್ದವು. ಒಂದು, ಕಥೆ ಬೆರಳ ಮೇಲೆ ನಡೆಯಬೇಕು. ನನ್ನ ಎಡಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಹೆಬ್ಬೆರಳು ಹಿಡಿದು ಶುರು ಮಾಡಿ, ಬೆರಳಿಗೊಂದು ಘಟ್ಟ ದಾಟಿಸುತ್ತ ಕಿರುಬೆರಳಿಗೆ ಬಂದು ಮುಗಿಸುತ್ತಿದ್ದಳು. ಕಿರುಬೆರಳನ್ನು ಮಡಚಿದಳೆಂದರೆ ಕಥೆ ಮುಗಿಯಿತು, ಏಳು, ಕೈಕಾಲು ತೊಳಿ. ಎರಡನೆಯದು, ಕೇಳುವವರು ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. "ನೀನು ಹೂಂ ಅನ್ನದಿದ್ರೆ ನಾನೇನು ಗೋಡೆಗೆ ಹೇಳ್ಲಾ?" ಎಂದು ಅಜ್ಜಿ ಗದರುತ್ತಿದ್ದಳು.

ನನಗೆ ಹದಿನಾಲ್ಕು ತುಂಬಿದ ವರ್ಷ ಹಲ್ಲುನೋವು ಬಂತು. ಆಗ ನಮ್ಮ ಕಡೆಯ ಬೀದಿಗಳಿಗೆಲ್ಲ ಇದ್ದದ್ದು ಒಬ್ಬರೇ ಹಲ್ಲಿನ ಡಾಕ್ಟರು. ಜನ ಅವರನ್ನು ಇಕ್ಕಳದ ಡಾಕ್ಟರು ಎನ್ನುತ್ತಿದ್ದರು, ಆ ಹೆಸರೇ ಸಾಕಿತ್ತು ನನಗೆ ಅರ್ಧ ಜೀವ ಹೋಗಲು. ಹೊರಗಿನ ಬೆಂಚಿನ ಮೇಲೆ ನಡುಗುತ್ತ ಕೂತವಳ ಕೈ ಹಿಡಿದು ಅಜ್ಜಿ ಒಂದು ಹೊಸ ಕಥೆ ತೆಗೆದಳು.

ಒಬ್ಬ ರಾಜ. ಅವನ ಉಗ್ರಾಣ ಗುಡಿಸುವಾಗ ಮುತ್ತಜ್ಜಿಯ ಕಾಲದ ಕಬ್ಬಿಣದ ಪೆಟ್ಟಿಗೆಯೊಂದು ಸಿಕ್ಕಿತು. ಮುಚ್ಚಳ ಮುಚ್ಚಿದರೆ ತಾನಾಗಿ ಬೀಗ ಬೀಳುವ ಪೆಟ್ಟಿಗೆ. ಕೀಲಿ ಎಲ್ಲೂ ಇಲ್ಲ. ಅಲ್ಲಾಡಿಸಿದರೆ ಒಳಗೆ ಏನೋ 'ಟಣ್' ಎನ್ನುತ್ತದೆ. ಇದು ಹೆಬ್ಬೆರಳು. ತೋರುಬೆರಳಿಗೆ ಬಂದರೆ, ದೇಶದ ಬೀಗದವರೆಲ್ಲ ಬಂದು ಸೋತು ಹೋದರು. ಮಂತ್ರಿ ಒಡೆಸಿಬಿಡಿ ಎಂದ. ಮುತ್ತಜ್ಜಿಯ ಪೆಟ್ಟಿಗೆ, ಸುತ್ತಿಗೆ ತಾಗಿಸಬೇಡಿ ಎಂದ ರಾಜ. ನಡುಬೆರಳಿಗೆ ಬೀಗದವನೊಬ್ಬನ ಮಗಳು ಬಂದಳು. ಅವಳು ಉಪಕರಣಗಳನ್ನು ಮುಟ್ಟಲೇ ಇಲ್ಲ. ಮೂರು ದಿನ ಬೀಗಕ್ಕೆ ಕಿವಿಯಿಟ್ಟು, ಉಗುರಿನಿಂದ ತಟ್ಟುತ್ತ, ಸುಮ್ಮನೆ ಕೇಳಿಸಿಕೊಂಡಳು. ಉಂಗುರದ ಬೆರಳಿಗೆ ಅವಳು ಅರದಿಂದ ಉಜ್ಜಿ ಒಂದು ಕೀಲಿ ಮಾಡಿ ತಂದಳು. ಒಂದು ಸುತ್ತು ತಿರುಗಿಸಿದಳು. ಎರಡು ಸುತ್ತು ತಿರುಗಿಸಿದಳು. 'ಕಟಕ್' ಎಂದಿತು. ಮುಚ್ಚಳ ಬೆರಳಗಲ ಮೇಲೆದ್ದಿತು...

"ಮುಂದಿನವರು ಬನ್ನಿ" ಎಂದು ಒಳಗಿನಿಂದ ಕೂಗಿದರು.

"ಹೋಗು. ಕಿರುಬೆರಳು ಬಾಕಿ ಇರ್ಲಿ. ಹಲ್ಲು ಸರಿ ಮಾಡಿಸ್ಕೊಂಡು ಬಾ, ಪೆಟ್ಟಿಗೇಲಿ ಏನಿತ್ತು ಅಂತ ಹೇಳ್ತೀನಿ" ಎಂದಳು ಅಜ್ಜಿ.

"ಆಣೆ?"

"ಆಣೆ. ನೀನೂ ಆಣೆ ಮಾಡು."

ಮಾಡಿದೆ. ಒಳಗೆ ಹೋದೆ. ಕುರ್ಚಿ ಹತ್ತಿದೆ. ಅಂಗಿಗೆ ಎಂಜಲು ಬೀಳದಂತೆ ಕತ್ತಿಗೆ ಸಣ್ಣ ಸರಪಣಿಯ ಬಟ್ಟೆ ಕಟ್ಟಿದರು. ತಟ್ಟೆಯ ಮೇಲೆ ಇಕ್ಕಳ ಕಂಡಿತು. ಅಷ್ಟೇ, ಆ ಬಟ್ಟೆಯ ಸಮೇತ ಹೊರಗೆ ಓಡಿದವಳು ಮೂರು ಬೀದಿ ದಾಟಿ ಮನೆಯ ಮಂಚದ ಕೆಳಗೆ ಹೋಗಿ ನಿಂತೆ. ನಿಂತೆ ಎನ್ನುವುದು ತಪ್ಪು, ಮಲಗಿದೆ.

ಅಜ್ಜಿ ಬೈಯಲಿಲ್ಲ. ಕಥೆಯನ್ನೂ ಮುಗಿಸಲಿಲ್ಲ. ಆ ಹಲ್ಲು ಎರಡು ವಾರ ಕಾಡಿ ತಾನೇ ಸುಮ್ಮನಾಯಿತು. ನಾನು ಎಡಗಡೆ ಅಗಿಯುವುದನ್ನು ಬಿಟ್ಟೆ. ಪೆಟ್ಟಿಗೆಯಲ್ಲಿ ಏನಿತ್ತು ಎಂದು ಅತ್ತು ಕೇಳಿದೆ, ಜಗಳವಾಡಿ ಕೇಳಿದೆ, ಜ್ವರ ಬಂದಾಗ ಕೇಳಿದೆ. "ಹಲ್ಲು ಸರಿ ಮಾಡಿಸ್ಕೊಂಡ್ಯಾ? ಇಲ್ಲ ತಾನೆ? ಮತ್ತೆ?" ಎನ್ನುವಳು. ಹಟದಲ್ಲಿ ನಾವಿಬ್ಬರೂ ಒಂದೇ ಅಚ್ಚು. ಮಂಚದ ಕೆಳಗೆ ನನ್ನ ಜೊತೆ ಬಂದಿದ್ದ ಸರಪಣಿಯ ಬಟ್ಟೆಯನ್ನು ಅಜ್ಜಿ ಒಗೆದು, ಮಡಚಿ, ತನ್ನ ಬೀರುವಿನಲ್ಲಿ ಇಟ್ಟುಕೊಂಡಳು. ನಾನು ತೀರಾ ಕಾಡಿದ ದಿನ ಅದನ್ನು ತೆಗೆದು ತೋರಿಸುತ್ತಿದ್ದಳು.

ಈಗ ನಾನು ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ಸರಿಮಾಡುತ್ತೇನೆ. ಹಿಂಬದಿಯ ಸಣ್ಣ ಕೋಣೆ, ಅಂಟಿನ ಡಬ್ಬಿ, ಹೊಲಿಯುವ ಸೂಜಿ, ಮೇಣ ಸವರಿದ ದಾರ, ಒತ್ತಡಕ್ಕೆ ಎರಡು ಕಲ್ಲುಗಳು. ಪುಸ್ತಕಗಳಲ್ಲಿ ಬೇಗ ಉದುರುವುದು ಕೊನೆಯ ಹಾಳೆ. ಕೊನೆಯ ಹಾಳೆ ಇಲ್ಲದ ಪುಸ್ತಕ ಕೈಗೆ ಬಂದಾಗಲೆಲ್ಲ ನನಗೆ ಆ ಪೆಟ್ಟಿಗೆ ನೆನಪಾಗುತ್ತದೆ. ಅದರೊಳಗೆ ನಾನು ಏನೇನೆಲ್ಲ ಇಟ್ಟು ನೋಡಿದ್ದೇನೋ! ಮುತ್ತು, ಗಂಟೆಯ ನಾಲಿಗೆ, ಕಳೆದುಹೋದ ಕಾಲ್ಗೆಜ್ಜೆಯ ಒಂದು ಗುಂಡು, ಹೆಪ್ಪುಗಟ್ಟಿದ ಒಂದು ಮಾತು. ಯಾವುದೂ 'ಟಣ್' ಎಂಬುದಕ್ಕೆ ಸರಿಯಾಗಿ ಕೂರಲಿಲ್ಲ.

ಇಕ್ಕಳದ ಡಾಕ್ಟರು ಬಾಗಿಲು ಮುಚ್ಚಿ ಎಷ್ಟೋ ಕಾಲವಾಗಿತ್ತು. ಅಲ್ಲಿ ಈಗ ಛತ್ರಿ ರಿಪೇರಿ ಮಾಡುತ್ತಾರೆ. ಈ ವರ್ಷ ಗ್ರಂಥಾಲಯದ ಎದುರಿನ ಮಹಡಿಯಲ್ಲಿ ಹೊಸ ಹಲ್ಲಿನ ಡಾಕ್ಟರು ಬೋರ್ಡು ತೂಗುಹಾಕಿದರು. ಬೋರ್ಡಿನ ಮೇಲೊಂದು ದೊಡ್ಡ ಹಲ್ಲು, ಅದಕ್ಕೆ ಕೈಕಾಲು, ಕಣ್ಣು, ನಗುವ ಬಾಯಿ, ಆ ಬಾಯೊಳಗೆ ಹಲ್ಲು. ಹಲ್ಲಿನ ಹಲ್ಲಿಗೆ ನೋವು ಬಂದರೆ ಅದು ಯಾರ ಹತ್ತಿರ ಹೋಗುತ್ತದೆ ಎಂದು ನಾನು ಅಂಟು ಒಣಗುವ ತನಕ ಯೋಚಿಸುತ್ತ ಕಿಟಕಿಯಿಂದ ನೋಡುತ್ತಿದ್ದೆ. ಅಷ್ಟೇ. ಹತ್ತಿ ಹೋಗಬೇಕೆಂದು ಅನ್ನಿಸಿರಲಿಲ್ಲ.

ಅನ್ನಿಸಿದ್ದು ಅಜ್ಜಿ ಮರೆಯತೊಡಗಿದ ಮೇಲೆ. ಮೊದಲು ಕನ್ನಡಕ ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿತು. ಮನೆಮಂದಿಯೆಲ್ಲ ನಕ್ಕೆವು, ಅಜ್ಜಿಯೂ ನಕ್ಕಳು. ಆಮೇಲೆ ಒಂದು ಕಥೆಯ ನರಿ ಇನ್ನೊಂದು ಕಥೆಯ ಮದುವೆಗೆ ಬಂದು ಊಟಕ್ಕೆ ಕೂತಿತು. ಆಗಲೂ ನಕ್ಕೆವು, ಸ್ವಲ್ಪ ಕಡಿಮೆ. ಹೋದ ತಿಂಗಳು ನನ್ನನ್ನು ನೋಡಿ, "ಆಫೀಸಿಂದ ಬಂದ್ಯಾ? ಮಗು ಎಲ್ಲಿ?" ಎಂದಳು. ನನ್ನನ್ನು ಅಮ್ಮ ಎಂದುಕೊಂಡಿದ್ದಳು. ಮಗು ನಾನೇ.

ಆ ದಿನ ನಾನು ಅಮ್ಮನನ್ನು ಕೇಳಿದೆ, "ಅಮ್ಮ, ಕಬ್ಬಿಣದ ಪೆಟ್ಟಿಗೆ ಕಥೆ ನಿನಗೆ ಗೊತ್ತಾ?"

"ನನ್ನ ಕಾಲದಲ್ಲಿ ಅದಿರ್ಲೇ ಇಲ್ಲ ಕಣೇ. ನಿನ್ನ ಹಲ್ಲುನೋವಿಗೆ ಅಂತಲೇ ಹುಟ್ಟಿದ ಕಥೆ ಅದು."

ಅಂದರೆ ಆ ಪೆಟ್ಟಿಗೆಯಲ್ಲಿ ಏನಿತ್ತೆಂದು ಬಲ್ಲವಳು ಜಗತ್ತಿನಲ್ಲಿ ಒಬ್ಬಳೇ. ಅವಳು ಒಂದೊಂದೇ ಹಾಳೆ ಉದುರಿಸಿಕೊಳ್ಳುತ್ತಿದ್ದಳು. ನಾನಿನ್ನು ಆಣೆ ತೀರಿಸದಿದ್ದರೆ ಕಿರುಬೆರಳು ಹಾಗೇ ಉಳಿದುಹೋಗುತ್ತಿತ್ತು. ಮರುದಿನ ಊಟದ ಬಿಡುವಿನಲ್ಲಿ ಬೀದಿ ದಾಟಿ, ಹಲ್ಲಿನ ಹಲ್ಲುಗಳ ಕೆಳಗೆ ಹಾದು, ಮೆಟ್ಟಿಲು ಹತ್ತಿದೆ.

ನಾನಂದುಕೊಂಡ ವಾಸನೆ ಅಲ್ಲಿರಲಿಲ್ಲ. ಲವಂಗದ ವಾಸನೆಯಿತ್ತು. ಕಿಟಕಿಯಲ್ಲಿ ಒಂದು ಕುಂಡ. ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು, ಮೊಣಕೈ ತನಕ ಮಡಚಿದ ತೋಳು, ಹಣೆಯ ಮೇಲೆ ಸಣ್ಣ ದೀಪ. ಸಹಾಯಕ್ಕೆ ಇದ್ದ ದಪ್ಪ ಕನ್ನಡಕದ ಅಕ್ಕ ಪೆನ್ನು ಹಿಡಿದು ಕೂತಿದ್ದರು.

"ಕೊನೇ ಸಲ ಯಾವಾಗ ತೋರಿಸಿದ್ರಿ?" ಎಂದರು ಡಾಕ್ಟರು.

"ಹನ್ನೊಂದು ವರ್ಷದ ಹಿಂದೆ. ಅವತ್ತೂ ತೋರಿಸ್ಲಿಲ್ಲ. ಓಡಿಹೋದೆ."

"ನಮ್ಮದು ಮಹಡಿ, ಓಡೋರು ಮೆಟ್ಟಿಲು ನೋಡ್ಕೊಂಡು ಓಡ್ಬೇಕು" ಎಂದು ಅಕ್ಕ ತಲೆಯೆತ್ತದೆ ಹೇಳಿದರು.

ಕುರ್ಚಿ ಹಿಂದಕ್ಕೆ ವಾಲಿತು. ನಾನು ಕಣ್ಣು ಮುಚ್ಚಬೇಕೆಂದಿದ್ದೆ. ಆದರೆ ಡಾಕ್ಟರು ನನ್ನ ಕೈಗೊಂದು ಕನ್ನಡಿ ಕೊಟ್ಟು, "ಹಿಡ್ಕೊಳ್ಳಿ. ನಿಮ್ಮ ಬಾಯಿ, ನೀವೂ ನೋಡಿ" ಎಂದರು. ಹಾಗೆ ನನ್ನ ಗುಹೆಯನ್ನು ನಾನು ಮೊದಲ ಸಲ ದೀಪದ ಬೆಳಕಿನಲ್ಲಿ ಕಂಡೆ. ಹಿಂದಿನ ಹಲ್ಲುಗಳ ಮೇಲೆ ಗುಡ್ಡ, ಕಣಿವೆ, ಕಾಲುದಾರಿ. ಇಷ್ಟು ವರ್ಷ ನನ್ನೊಳಗೇ ಇದ್ದ ಊರು, ನಾಲಿಗೆಗೆ ಮಾತ್ರ ಗುರುತಿದ್ದದ್ದು. ಡಾಕ್ಟರು ಒಂದೊಂದನ್ನೂ ತಟ್ಟಿ ಸಂಖ್ಯೆ ಹೇಳುತ್ತ ಹೋದರು, ಅಕ್ಕ ಬರೆದುಕೊಳ್ಳುತ್ತ ಹೋದರು. ತಟ್ಟಿದಾಗ ಡಾಕ್ಟರು ತಲೆಯನ್ನು ಸ್ವಲ್ಪ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ಬೀಗದವನ ಮಗಳು ಎಂದುಕೊಂಡೆ ನಾನು.

"ಹೊಲಿಗೆ ಕೆಲಸ ಮಾಡ್ತೀರಾ?" ಎಂದರು ಥಟ್ಟನೆ.

ಬಾಯಲ್ಲಿ ಅವರ ಎರಡು ಬೆರಳು, ಒಂದು ಕೊಳವೆ. "ಆಂ?"

"ಮುಂದಿನ ಹಲ್ಲಿನ ಅಂಚಲ್ಲಿ ಒಂದು ಕಚ್ಚು ಇದೆ, ನೋಡಿ ಕನ್ನಡೀಲಿ. ದಾರ ಕಚ್ಚಿ ಕಡಿಯೋರಿಗೆ ಬರೋದು."

ಬಾಯಿ ಬಿಡಿಸಿಕೊಂಡು ಹೇಳಿದೆ, "ಪುಸ್ತಕ ಹೊಲಿತೀನಿ, ಎದುರುಗಡೆ."

"ಕತ್ತರಿ ಇಟ್ಕೊಳ್ಳಿ. ಆಮೇಲೆ, ಎಡಗಡೆ ಅಗಿಯೋದು ಬಿಟ್ಟು ತುಂಬಾ ವರ್ಷ ಆಗಿದೆ. ಆ ಕಡೆ ಪಾಚಿ ಜಾಸ್ತಿ ಕಟ್ಟಿದೆ. ಮತ್ತೆ, ನಿದ್ದೇಲಿ ಹಲ್ಲು ಕಡೀತೀರಿ. ಈಚೆಗೆ ಏನೋ ಚಿಂತೆ."

ಕೈ ನೋಡಿ ಹೇಳುವವರ ಬಗ್ಗೆ ಕೇಳಿದ್ದೆ, ಹಲ್ಲು ನೋಡಿ ಹೇಳುವವರನ್ನು ಆವತ್ತೇ ಕಂಡದ್ದು. ಎಲ್ಲ ತಿಳಿದುಕೊಳ್ಳುವ ಕುತೂಹಲ ಅವರಿಗೆ. ಆದರೆ ಬಾಯಿ ತುಂಬ ಕೈಯಿಟ್ಟುಕೊಂಡೇ ಪ್ರಶ್ನೆ ಕೇಳುವ ಅಭ್ಯಾಸ. "ಏನು ಚಿಂತೆ?" ಎಂದು ಕೇಳಿ, ಉತ್ತರ ಬರುವ ಮೊದಲೇ ಸೂಜಿ ಚುಚ್ಚಿದರು. ತುಟಿ ಮರಗಟ್ಟುವ ತನಕ ಐದು ನಿಮಿಷ ಸಿಕ್ಕಿತು. ಅಷ್ಟರಲ್ಲಿ ಅಜ್ಜಿಯ ವಿಷಯ, ಆಣೆಯ ವಿಷಯ, ಉಂಗುರದ ಬೆರಳಿನ ತನಕ ಪೆಟ್ಟಿಗೆಯ ಕಥೆ, ಎಲ್ಲ ಹೇಳಿಬಿಟ್ಟೆ.

"ಏನಿತ್ತು ಒಳಗೆ?" ಎಂದರು ಡಾಕ್ಟರು.

"ಗೊತ್ತಿಲ್ಲ. ಅದಕ್ಕೇ ಬಂದಿದ್ದು."

"ಹಲ್ಲಿಗಲ್ಲ?"

"ಹಲ್ಲಿಗೂ."

"ಆಗಲಿ, ಯಾವುದೋ ಒಂದು ನೆಪಕ್ಕೆ ಜನ ಬರ್ತಾರಲ್ಲ" ಎಂದು ಅಕ್ಕ ನಿಟ್ಟುಸಿರಿಟ್ಟರು. ಪೆನ್ನು ಕೆಳಗಿಟ್ಟು ಅವರೂ ಕಥೆ ಕೇಳುತ್ತಿದ್ದರು.

ಕಪ್ಪು ಚುಕ್ಕೆಯವನು ಆಳವಾಗಿ ಕೊರೆಸಿಕೊಂಡಿದ್ದ, ಆದರೆ ನರ ಮುಟ್ಟಿರಲಿಲ್ಲ. ಹುಳುಕು ತೆಗೆದು, ಔಷಧಿಯಿಟ್ಟು, ತಾತ್ಕಾಲಿಕವಾಗಿ ಮುಚ್ಚಿದರು. ಗಟ್ಟಿ ಸಿಮೆಂಟು ತುಂಬಲು ಮುಂದಿನ ಗುರುವಾರ ಬರಬೇಕು. ಇಳಿಯುವಾಗ ಡಾಕ್ಟರು ಮೆಟ್ಟಿಲ ತನಕ ಬಂದು, "ಅಜ್ಜಿ ಏನಂದ್ರು ಅಂತ ಬಂದು ಹೇಳ್ಬೇಕು" ಎಂದರು.

ಆ ಸಂಜೆ ಮನೆಗೆ ಓಡಿದೆ. ಅಜ್ಜಿ ಕಿಟಕಿಯ ಪಕ್ಕ ಕೂತಿದ್ದಳು. ಅವಳ ಕಟ್ಟುಹಲ್ಲು ಲೋಟದ ನೀರಿನಲ್ಲಿ ನಗುತ್ತಿತ್ತು. "ಬಾಯಿ ಯಾಕೇ ಸೊಟ್ಟಗಿದೆ?" ಎಂದಳು.

"ಹಲ್ಲು ತೋರಿಸ್ಕೊಂಡು ಬಂದೆ, ಅಜ್ಜಿ! ಒಳಗೆ ಕೂತೆ, ಓಡ್ಲಿಲ್ಲ!" ನಾನು ಎಡಗೈಯನ್ನು ಅವಳ ಮಡಿಲಿಗೆ ತುರುಕಿದೆ. "ಈಗ ಹೇಳು. ಪೆಟ್ಟಿಗೇಲಿ ಏನಿತ್ತು?"

ಅಜ್ಜಿ ನನ್ನ ಕೈಯನ್ನು ಬರೀ ಕೈ ಎಂಬಂತೆ ಹಿಡಿದಳು, ಹೆಬ್ಬೆರಳನ್ನು ಹುಡುಕಲಿಲ್ಲ. "ಯಾವ ಪೆಟ್ಟಿಗೆ?"

"ರಾಜನದ್ದು. ಮುತ್ತಜ್ಜಿಯ ಕಬ್ಬಿಣದ ಪೆಟ್ಟಿಗೆ."

"ನಮ್ಮನೇಲಿ ಕಬ್ಬಿಣದ ಪೆಟ್ಟಿಗೆ ಎಲ್ಲಿತ್ತೇ?"

ನೆನಪು ಮಾಡಿಕೊಡೋಣವೆಂದು ಅವಳ ಕೈಯನ್ನೇ ಎಳೆದುಕೊಂಡೆ. ಅವಳ ಹೆಬ್ಬೆರಳು ಹಿಡಿದು ನಾನೇ ಕಥೆ ಶುರುಮಾಡಿದೆ. ಅಜ್ಜಿ ಚೆನ್ನಾಗಿ ಹೂಂಗುಟ್ಟಿದಳು. ಮಂತ್ರಿಯ ಮಾತಿಗೆ ನಕ್ಕಳು. ಬೀಗದವನ ಮಗಳು ಕಿವಿಯಿಟ್ಟಾಗ ತಾನೂ ತಲೆ ಬಾಗಿಸಿದಳು. ಉಂಗುರದ ಬೆರಳಿಗೆ ಬಂದು, 'ಕಟಕ್' ಎನ್ನಿಸಿ, ಮುಚ್ಚಳವನ್ನು ಬೆರಳಗಲ ಎತ್ತಿ ನಿಲ್ಲಿಸಿದೆ.

"ಹೂಂ," ಎಂದಳು ಅಜ್ಜಿ. ಕಾದಳು. "ಮುಂದೆ? ಏನಿತ್ತೇ ಒಳಗೆ?"

ಅವಳ ಕಣ್ಣಲ್ಲಿ ನನ್ನ ಹನ್ನೊಂದು ವರ್ಷದ ಕುತೂಹಲ ಹಾಗೇ ಹೊಳೆಯುತ್ತಿತ್ತು.

ಆ ವಾರವೆಲ್ಲ ನಾನು ಬಿಡಲಿಲ್ಲ. ಬೀರುವಿನಿಂದ ಸರಪಣಿಯ ಬಟ್ಟೆ ತೆಗೆದು ತೋರಿಸಿದೆ. "ಯಾರದ್ದೋ ಜೋಪಾನ ಮಾಡಿದ್ದೀನಿ, ಕೇಳ್ಕೊಂಡು ಬಂದ್ರೆ ಕೊಡು" ಎಂದಳು. ಕೀಲಿಗೊಂಚಲು ಅಲ್ಲಾಡಿಸಿದೆ. ಡಬ್ಬಿಗೆ ಕಲ್ಲು ಹಾಕಿ 'ಟಣ್' ಎನ್ನಿಸಿದೆ. ಕೊನೆಗೆ ಅಮ್ಮ ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು, "ಅವಳನ್ನ ಪರೀಕ್ಷೆ ಮಾಡ್ಬೇಡ ಕಣೇ. ನೀನು ಕೇಳಿದಷ್ಟೂ ತನಗೇನೋ ಗೊತ್ತಿರ್ಬೇಕಿತ್ತು ಅಂತ ಹೆದರ್ತಾಳೆ." ಅದು ನನಗೆ ಹೊಳೆದೇ ಇರಲಿಲ್ಲ. ಅಂದಿನಿಂದ ಕೇಳುವುದನ್ನು ಬಿಟ್ಟೆ.

ಗುರುವಾರ ಅಮ್ಮನಿಗೆ ಬಿಡುವಿರಲಿಲ್ಲ. ಅಜ್ಜಿಯನ್ನು ಒಬ್ಬಳನ್ನೇ ಬಿಡುವಂತಿರಲಿಲ್ಲ. ಕೈ ಹಿಡಿದು ಕರೆದುಕೊಂಡು ಹೊರಟೆ. ಬೋರ್ಡಿನ ಕೆಳಗೆ ಅಜ್ಜಿ ನಿಂತು ನೋಡಿ, "ಹಲ್ಲಿಗೂ ಹಲ್ಲು! ಅದರ ಹಲ್ಲು ಉದುರಿದ್ರೆ ಯಾರಿಗೆ ತೋರಿಸುತ್ತೆ?" ಎಂದಳು. ನನ್ನ ತಲೆಯ ಈ ಹುಚ್ಚೆಲ್ಲ ಎಲ್ಲಿಂದ ಬಂತೆಂದು ಅನುಮಾನವಿದ್ದವರಿಗೆ ಅಲ್ಲೇ ಉತ್ತರ ಸಿಕ್ಕುತ್ತಿತ್ತು.

ಬೆಂಚಿನ ಮೇಲೆ "ಯಾರಿಗೆ ಹಲ್ಲುನೋವು?" ಎಂದು ನಾಲ್ಕು ಸಲ ಕೇಳಿದಳು. ನಾಲ್ಕು ಸಲವೂ "ನನಗೆ" ಎಂದೆ. ಐದನೆಯ ಸಲ ಕೇಳುವ ಮೊದಲು ನನ್ನ ಸರದಿ ಬಂತು.

"ಅಜ್ಜಿ ಏನಂದ್ರು?" ಎಂದು ಡಾಕ್ಟರು ಕಿವಿಯ ಹತ್ತಿರ ಕೇಳಿದರು. ನಾನು ತಲೆಯಲ್ಲಾಡಿಸಿದೆ. ಅವರ ಮುಖ ಸಪ್ಪಗಾಯಿತು. ಮತ್ತೆ ಸೂಜಿ, ಮತ್ತೆ ಮರಗಟ್ಟಿದ ತುಟಿ. "ನೋವಾದ್ರೆ ಎಡಗೈ ಎತ್ತಿ, ನಿಲ್ಲಿಸ್ತೀನಿ" ಎಂದು ಯಂತ್ರ ಶುರುಮಾಡಿದರು.

ಆ 'ಗಿರ್‍ರ್' ಸದ್ದಿಗೆ ಹೊರಗಿದ್ದ ಅಜ್ಜಿ ಎದ್ದು ಒಳಗೇ ಬಂದುಬಿಟ್ಟಳು. ಅಕ್ಕ ತಡೆಯಲು ಹೋದರು. "ಮಗು ಹೆದರ್ಕೊಂಡಿದೆ ಕಣಮ್ಮ, ಕಾಣ್ಸಲ್ವಾ?" ಎಂದು ಅಜ್ಜಿ ಅವರನ್ನೇ ಗದರಿದಳು. ಡಾಕ್ಟರು ಕಣ್ಸನ್ನೆ ಮಾಡಿದರು. ಅಕ್ಕ ತಾವು ಕೂರುತ್ತಿದ್ದ ಸ್ಟೂಲನ್ನು ನನ್ನ ಎಡಕ್ಕೆ ಸರಿಸಿಕೊಟ್ಟು, ಕೊಳವೆ ಹಿಡಿದು ತಲೆಯ ಕಡೆ ನಿಂತರು.

ನನ್ನ ಎಡಗೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ಅಜ್ಜಿ ಒಂದೊಂದೇ ಬೆರಳು ಬಿಡಿಸಿ, ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಹೆಬ್ಬೆರಳು ಹಿಡಿದಳು.

"ಒಬ್ಬ ರಾಜ ಇದ್ದ," ಎಂದಳು. "ಅವನ ಉಗ್ರಾಣ ಗುಡಿಸೋವಾಗ ಒಂದು ಪೆಟ್ಟಿಗೆ ಸಿಕ್ತು."

ಅಷ್ಟು ಹೇಳಿ ಅಜ್ಜಿ ನಿಲ್ಲಿಸಿದಳು. ಹೂಂಗಾಗಿ ಕಾಯುತ್ತಿದ್ದಳು.

ಬಾಯಿ ತೆರೆದಿದೆ, ತುಟಿ ಸತ್ತಿದೆ, ನಾಲಿಗೆಯ ಮೇಲೆ ಹತ್ತಿಯ ಉಂಡೆ. ಯಾವ ಮಾತೂ ಆಡುವ ಹಾಗಿಲ್ಲ. ಆದರೆ ಹೂಂ ಮಾತಲ್ಲವಲ್ಲ. ಗಂಟಲಿನಿಂದಲೇ ಎಳೆದು "ಹ್ಞೂಂ" ಎಂದೆ.

ಡಾಕ್ಟರು ಯಂತ್ರ ನಿಲ್ಲಿಸಿದರು. "ನೋವಾ?"

ನಾನು ಕಣ್ಣನ್ನು ಅಜ್ಜಿಯ ಕಡೆ ಹೊರಳಿಸಿದೆ. ಡಾಕ್ಟರು ಅಜ್ಜಿಯ ಕೈಯಲ್ಲಿದ್ದ ನನ್ನ ಹೆಬ್ಬೆರಳನ್ನು ನೋಡಿದರು. ಅವರ ಹುಬ್ಬು ಮೇಲೇರಿತು. "ಅಯ್ಯೋ, ಅದಾ!" ಎಂದು ಮೆಲ್ಲಗೆ ಉಸುರಿ, ಯಂತ್ರವನ್ನು ಸಣ್ಣ ಸದ್ದಿಗೆ ಇಳಿಸಿದರು.

ಇಷ್ಟು ದಿನ ನಾನು ಮಾಡಿದ ತಪ್ಪು ಆಗ ತಿಳಿಯಿತು. ಅಜ್ಜಿಗೆ ನಾನು ಕಥೆ ಹೇಳಿದೆ, ಪ್ರಶ್ನೆ ಕೇಳಿದೆ, ಬಟ್ಟೆ ತೋರಿಸಿದೆ. ಒಂದು ಸಲವೂ ಹೆದರಿದ ಮಗುವಾಗಿ ಕೈಕೊಟ್ಟು ಸುಮ್ಮನೆ ಹೂಂಗುಟ್ಟಲಿಲ್ಲ. ಈಗ ಬಾಯಿ ಕಟ್ಟಿಹಾಕಿದ ಮೇಲೆ ಬೇರೆ ದಾರಿಯೇ ಇರಲಿಲ್ಲ.

ತೋರುಬೆರಳು. ಬೀಗದವರು ಸೋತರು. "ಹ್ಞೂಂ." ನಡುಬೆರಳು. ಮಗಳು ಬಂದಳು, ಕಿವಿಯಿಟ್ಟಳು. ಅಷ್ಟರಲ್ಲಿ ಹಲ್ಲಿನ ತಳದಲ್ಲೆಲ್ಲೋ ತಣ್ಣಗಿನ ಸೂಜಿಯೊಂದು ಚುಳ್ಳೆಂದಿತು. ಎಡಗೈ ಎತ್ತಬೇಕು. ಎಡಗೈ ಅಜ್ಜಿಯ ಹತ್ತಿರ ಇದೆ. ಕಿತ್ತುಕೊಂಡರೆ ಕಥೆ ಅಲ್ಲೇ ಕಡಿಯುತ್ತದೆ, ಇನ್ನೊಮ್ಮೆ ಸಿಗುವ ಭರವಸೆಯಿಲ್ಲ. ನಾನು ಕೈ ಬಿಡಿಸಿಕೊಳ್ಳಲಿಲ್ಲ. "ಹ್ಞೂಂಂಂ" ಎಂದೆ, ಸ್ವಲ್ಪ ಉದ್ದವಾಗಿ.

ಯಂತ್ರ ತಾನೇ ನಿಂತಿತು. "ಕಾಲ್ಬೆರಳು ಮಡಚಿದ್ರಿ, ಕಂಡಿತು" ಎಂದರು ಡಾಕ್ಟರು. "ಒಂದು ನಿಮಿಷ ಬಿಟ್ಟು ಮಾಡೋಣ. ನೀವು ನಿಲ್ಲಿಸ್ಬೇಡಿ ಅಜ್ಜಿ."

ಉಂಗುರದ ಬೆರಳು. ಕೀಲಿ ಉಜ್ಜಿ ತಂದಳು. ಒಂದು ಸುತ್ತು. ಎರಡು ಸುತ್ತು. ಕಟಕ್. ಮುಚ್ಚಳ ಬೆರಳಗಲ ಮೇಲೆದ್ದಿತು.

ಅಜ್ಜಿ ನನ್ನ ಕಿರುಬೆರಳನ್ನು ಹಿಡಿದಳು. ಹಿಡಿದು, ಡಾಕ್ಟರ ಕಡೆ ತಿರುಗಿದಳು. "ಹಲ್ಲಿನ ಕೆಲಸ ಮುಗೀತಾ ತಾಯಿ?"

"ಇಲ್ಲ ಅಜ್ಜಿ, ಇನ್ನೂ ಸಿಮೆಂಟು ತುಂಬ್ಬೇಕು."

"ಹಾಗಾದ್ರೆ ಇದು ಆಮೇಲೆ. ಆಣೆ ಆಗಿದೆ ನಮ್ಮಿಬ್ಬರದ್ದೂ."

ನಾನು ಯಾರೆಂಬುದು ಅವಳಿಗೆ ಆ ಹೊತ್ತು ನೆನಪಿತ್ತೋ ಇಲ್ಲವೋ ಹೇಳಲಾರೆ. ಆಣೆ ನೆನಪಿತ್ತು.

"ಡಾಕ್ಟ್ರೇ, ಸ್ವಲ್ಪ ಬೇಗ" ಎಂದು ಅಕ್ಕ ಪಿಸುಗುಟ್ಟಿದರು.

"ಅವಸರ ಮಾಡಿದ್ರೆ ಮತ್ತೆ ಕೀಳ್ಬೇಕಾಗುತ್ತೆ ಅಕ್ಕ" ಎಂದರು ಡಾಕ್ಟರು. ಆದರೆ ಅವರ ಹಣೆಯ ದೀಪದ ಕೆಳಗೂ ಬೆವರು ಕಂಡಿತು. ಹಲ್ಲು ಒಣಗಿಸಿದರು. ಒಂದು ಪದರ ತುಂಬಿದರು. ನೀಲಿ ಬೆಳಕು ಹಿಡಿದರು, ಇಪ್ಪತ್ತು ಎಣಿಕೆ. ಎರಡನೆಯ ಪದರ, ಇಪ್ಪತ್ತು ಎಣಿಕೆ. ಅಜ್ಜಿಯ ಕಣ್ಣು ಕಿಟಕಿಯ ಕುಂಡದ ಕಡೆ ಹೋಯಿತು. ಅಲ್ಲಿಂದ ಗಡಿಯಾರಕ್ಕೆ ಹೋಯಿತು. ನನ್ನ ಬೆರಳಿನ ಮೇಲಿನ ಹಿಡಿತ ಸಡಿಲವಾಯಿತು. ನಾನು ಕಥೆಯೇ ಇಲ್ಲದ ಕಡೆ "ಹ್ಞೂಂ" ಎಂದೆ. ಹಿಡಿತ ಮತ್ತೆ ಬಿಗಿಯಾಯಿತು. "ಹೂಂ, ಹೂಂ, ಇರೇ," ಎಂದಳು, "ಎಲ್ಲಿಗೂ ಹೋಗಿಲ್ಲ ನಾನು." ಮೂರನೆಯ ಪದರ. ನಾನು ಮತ್ತೊಮ್ಮೆ ಹೂಂ ಎಂದೆ. ಅಕ್ಕನೂ ಕೊಳವೆ ಹಿಡಿದೇ ಹೂಂ ಎಂದರು.

ಹತ್ತಿಯ ಉಂಡೆ ತೆಗೆದರು. ಹಲ್ಲುಗಳ ನಡುವೆ ನೀಲಿ ಕಾಗದ ಇಟ್ಟು, "ಕಚ್ಚಿ" ಎಂದರು. ಕಚ್ಚಿದೆ. ಒಂದು ಕಡೆ ಎತ್ತರವಿತ್ತು. ಉಜ್ಜಿದರು. "ಮತ್ತೆ ಕಚ್ಚಿ." ಮೇಲಿನ ಸಾಲು ಕೆಳಗಿನ ಸಾಲಿಗೆ ಹೋಗಿ ಸರಿಯಾಗಿ ಕೂತಿತು. ಹನ್ನೊಂದು ವರ್ಷದಿಂದ ಎಡಗಡೆ ಕೇಳದಿದ್ದ ಸದ್ದು. ಕಟಕ್.

"ಮುಗೀತು ಅಜ್ಜಿ," ಎಂದರು ಡಾಕ್ಟರು. ಮುಖದ ಪಟ್ಟಿ ಕೆಳಗೆಳೆದು ಪಕ್ಕದಲ್ಲೇ ಕೂತರು. "ಹಲ್ಲಿನ ಕೆಲಸ ಪೂರ್ತಿ ಮುಗೀತು."

"ಪೂರ್ತಿ?"

"ಪೂರ್ತಿ."

ಅಜ್ಜಿ ನನ್ನ ಕಿರುಬೆರಳನ್ನು ತಿರುಗಿಸಿ ನೋಡಿದಳು. "ಮುಚ್ಚಳ ಎತ್ತಿದ್ರು. ರಾಜ ಬಗ್ಗಿ ನೋಡ್ದ. ಮಂತ್ರಿ ಬಗ್ಗಿ ನೋಡ್ದ. ಒಳಗೆ ಏನಿತ್ತು ಗೊತ್ತಾ?"

"ಹೂಂ," ಎಂದೆ, ಗೊತ್ತಿಲ್ಲವೆಂಬ ಅರ್ಥದಲ್ಲಿ.

"ಕೀಲಿ."



"ಅದೇ ಪೆಟ್ಟಿಗೆಯ ಕೀಲಿ. ಬೇರೇನೂ ಇಲ್ಲ. ಮುತ್ತಜ್ಜಿ ಒಂದಿನ ಕೀಲಿ ಒಳಗಿಟ್ಟು ಮುಚ್ಚಳ ಮುಚ್ಚಿಬಿಟ್ಟಿದ್ಲು. ಬೀಗ ತಾನಾಗೇ ಬಿತ್ತು. ನಾಚಿಕೆಗೆ ಯಾರಿಗೂ ಹೇಳ್ಲಿಲ್ಲ, ಪಾಪ. ಮರೆವು ಅವಳಿಗೆ."

ಡಾಕ್ಟರು ಮೊದಲು ನಕ್ಕರು. ಅಕ್ಕ ಗೋಡೆಗೆ ಒರಗಿ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ, ಅರ್ಧ ಬಾಯಿಂದ, ಇನ್ನರ್ಧ ಮರಗಟ್ಟಿತ್ತು. ಮುತ್ತು, ಗೆಜ್ಜೆ, ಹೆಪ್ಪುಗಟ್ಟಿದ ಮಾತು, ಎಲ್ಲ ಇಟ್ಟು ನೋಡಿದ್ದೆ. 'ಟಣ್' ಎನ್ನುವ ವಸ್ತು ಅದೊಂದೇ ನನಗೆ ಹೊಳೆದಿರಲಿಲ್ಲ.

ಅಜ್ಜಿ ನಗು ತಗ್ಗುವ ತನಕ ಕಾದಳು. ಕಿರುಬೆರಳು ಇನ್ನೂ ನೆಟ್ಟಗೇ ಇತ್ತು.

"ಹೂಂ?" ಎಂದೆ.

"ಈಗ ಎರಡು ಕೀಲಿ ಆಯ್ತಲ್ಲ. ಹಳೇದು ಒಂದು, ಹುಡುಗಿ ಮಾಡಿದ್ದು ಒಂದು. ಹಳೇದನ್ನ ರಾಜ ಸೊಂಟಕ್ಕೆ ಸಿಕ್ಕಿಸ್ಕೊಂಡ. ಹೊಸದನ್ನ ಹುಡುಗಿಗೇ ವಾಪಸ್ ಕೊಟ್ಟ. 'ನಿನ್ನ ಹತ್ರ ಇರ್ಲಿ ಮಗಳೇ, ನಮ್ಮ ವಂಶದಲ್ಲಿ ಮರೆವು ಜಾಸ್ತಿ' ಅಂದ."

"ಹೂಂ," ಎಂದೆ. ತುಟಿಗಳು ಈ ಸಲ ಒಂದಕ್ಕೊಂದು ತಾಗಿದವು.

ಅಜ್ಜಿ ನನ್ನ ಕಿರುಬೆರಳನ್ನು ಮಡಚಿದಳು.